ಮಟ್ಟು ಹಳೆಯದು, ಕೈ ಯಾರದು? ಇಂದಿನ ಕಂಟ್ರಿ ಸಂಗೀತದ ತಕರಾರು

2025ರ ನವೆಂಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಒಂದು ಪಟ್ಟಿಯಲ್ಲಿ ‘ವಾಕ್ ಮೈ ವಾಕ್’ ಎಂಬ ಕಂಟ್ರಿ ಹಾಡು ಮೊದಲ ಸ್ಥಾನಕ್ಕೇರಿತು. ಕಂಟ್ರಿ ಎಂದರೆ ಅಮೆರಿಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಹುಟ್ಟಿದ ಜನಪ್ರಿಯ ಸಂಗೀತ. ಹಾಡಿದವರ ಹೆಸರು ಬ್ರೇಕಿಂಗ್ ರಸ್ಟ್. ಒರಟಾದ, ಬದುಕಿನಲ್ಲಿ ಪೆಟ್ಟು ತಿಂದವನಂತೆ ಕೇಳಿಸುವ ಗಂಡುದನಿ. ಆದರೆ ಆ ದನಿಯ ಹಿಂದೆ ಮನುಷ್ಯನ ಗಂಟಲೇ ಇರಲಿಲ್ಲ, ಅದು ಕೃತಕ ಬುದ್ಧಿಮತ್ತೆ ಹುಟ್ಟಿಸಿದ ದನಿ. ಸುದ್ದಿ ಹಬ್ಬಿದ ವೇಗಕ್ಕೆ ಹೋಲಿಸಿದರೆ ಸಾಧನೆ ಸಣ್ಣದು. ಅದು ದುಡ್ಡು ಕೊಟ್ಟು ಹಾಡನ್ನು ಇಳಿಸಿಕೊಳ್ಳುವವರ ಪಟ್ಟಿ. ಹಾಗೆ ಕೊಳ್ಳುವವರೇ ಈಗ ವಿರಳವಾಗಿರುವುದರಿಂದ ಸುಮಾರು ಮೂರು ಸಾವಿರ ಪ್ರತಿಗಳ ಮಾರಾಟ ಅಗ್ರಸ್ಥಾನಕ್ಕೆ ಸಾಕಾಯಿತು. ಹಾಗಿದ್ದರೂ ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್ ನಗರದ ಸಂಗೀತಗಾರರು ಬೆಚ್ಚಿಬಿದ್ದುದರಲ್ಲಿ ಅರ್ಥವಿದೆ. ಯಂತ್ರ ಹಾಡನ್ನು ಕಟ್ಟಿತೆನ್ನುವುದಕ್ಕಿಂತ, ಕೇಳುಗರಿಗೆ ಅದರಲ್ಲಿ ಏನೂ ವಿಚಿತ್ರವೆನಿಸದೇ ಹೋಯಿತು ಎನ್ನುವುದು ಅವರನ್ನು ಹೆಚ್ಚು ಕಾಡಿತು.

ವಿಚಿತ್ರವೆನಿಸದಂತೆ ಕಿವಿಗಳನ್ನು ಹದಗೊಳಿಸಿದ್ದು ಯಂತ್ರವಲ್ಲ. ಅದಕ್ಕೂ ಹತ್ತು ವರ್ಷ ಮೊದಲು, 2015ರ ಆರಂಭದಲ್ಲಿ, ಸರ್ ಮ್ಯಾಶಲಾಟ್ ಎಂಬ ಹೆಸರಿನಲ್ಲಿ ಒಬ್ಬ ಗೀತಕಾರ ಮಾಡಿದ ಪ್ರಯೋಗ ಅಂತರ್ಜಾಲದಲ್ಲಿ ಹರಿದಾಡಿತ್ತು. ಲ್ಯೂಕ್ ಬ್ರಯಾನ್, ಬ್ಲೇಕ್ ಶೆಲ್ಟನ್, ಫ್ಲೋರಿಡಾ ಜಾರ್ಜಿಯಾ ಲೈನ್ ಮೊದಲಾದವರ ಆರು ಜನಪ್ರಿಯ ಹಾಡುಗಳನ್ನು ಆತ ಆಯ್ದುಕೊಂಡ. ಶ್ರುತಿಯನ್ನೂ ವೇಗವನ್ನೂ ಅಷ್ಟಿಷ್ಟು ಹೊಂದಿಸಿ ಒಂದರ ಮೇಲೊಂದು ಇಟ್ಟು ನುಡಿಸಿದ. ಆರೂ ಹಾಡುಗಳು ಒಂದೇ ಹಾಡಿನಂತೆ ಕೇಳಿಸಿದವು. ಚರಣ ಮುಗಿಯುವ ಜಾಗ, ಪಲ್ಲವಿ ಏರುವ ಜಾಗ, ಗಿಟಾರು ತಲೆಯೆತ್ತುವ ಜಾಗ ಎಲ್ಲವೂ ಅಚ್ಚಿನಲ್ಲಿ ಒತ್ತಿದಂತೆ ಹೊಂದಿಕೊಂಡವು.

ಇದನ್ನು ಕೇಳಿದವರೆಲ್ಲ ಬಂದು ನಿಂತ ತೀರ್ಮಾನ ಒಂದೇ: ಕಂಟ್ರಿ ಸಂಗೀತದಲ್ಲಿ ಸ್ವಂತಿಕೆ ಸತ್ತಿದೆ, ನಾಲ್ಕು ಸ್ವರಮೇಳಗಳನ್ನೇ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅಂದರೆ ಕಾರ್ಡ್) ತಿರುಗಿಸುತ್ತಿದ್ದಾರೆ, ಒಬ್ಬರ ರಾಗವನ್ನು ಇನ್ನೊಬ್ಬರು ಎತ್ತುತ್ತಿದ್ದಾರೆ. ರೋಗವಿರುವುದು ನಿಜ. ಆದರೆ ಅದರ ಮೂಲವನ್ನು ಎರವಲಿನಲ್ಲಿ ಹುಡುಕುವುದು ತಪ್ಪು ಎಂದು ನನ್ನ ವಾದ.

ಕಂಟ್ರಿ ಸಂಗೀತ ಹುಟ್ಟಿದ್ದೇ ಎರವಲಿನಿಂದ. ನಮ್ಮ ಜನಪದ ಗೀತೆಗಳಲ್ಲಿ, ರಂಗಗೀತೆಗಳಲ್ಲಿ ‘ಇಂಥ ಮಟ್ಟಿನಂತೆ’ ಎಂದು ಬರೆದು ಹೊಸ ಸಾಹಿತ್ಯ ಕೂರಿಸುವ ಪದ್ಧತಿ ಹೇಗೆ ಸಹಜವೋ ಅಲ್ಲಿಯೂ ಹಾಗೆಯೇ. 1927ರಲ್ಲಿ ರಾಲ್ಫ್ ಪಿಯರ್ ಎಂಬ ನಿರ್ಮಾಪಕ ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಣ ಯಂತ್ರವಿಟ್ಟು ಕುಳಿತಾಗ ವರ್ಜೀನಿಯಾದ ಬೆಟ್ಟಗಳಿಂದ ಇಳಿದು ಬಂದ ಕಾರ್ಟರ್ ಕುಟುಂಬದವರು ಹಾಡಿದ್ದರಲ್ಲಿ ಬಹುಪಾಲು ಅವರಿವರಿಂದ ಕೇಳಿ ಕಲಿತದ್ದು. ಮನೆಯ ಹಿರಿಯ ಎ.ಪಿ. ಕಾರ್ಟರ್ ಮುಂದೆ ಊರೂರು ಅಲೆದು ಹಾಡು ಸಂಗ್ರಹಿಸಿದರು. ಜೊತೆಗೆ ಲೆಸ್ಲಿ ರಿಡಲ್ ಎಂಬ ಕಪ್ಪುವರ್ಣೀಯ ಗಿಟಾರ್ ವಾದಕ ಇದ್ದರು. ಕಾರ್ಟರ್ ಪದಗಳನ್ನು ಬರೆದುಕೊಂಡರೆ ರಿಡಲ್ ಧಾಟಿಯನ್ನು ನೆನಪಿನಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು.

ಒಂದು ಮಟ್ಟಿನ ಪಯಣವನ್ನೇ ನೋಡಿ. 1929ರಲ್ಲಿ ಕಾರ್ಟರ್ ಕುಟುಂಬ ಅಗಲಿದ ಪ್ರಿಯನನ್ನು ನೆನೆಯುವ ಹಾಡೊಂದನ್ನು ಮುದ್ರಿಸಿತು. ಅದೇ ಮಟ್ಟನ್ನು 1936ರಲ್ಲಿ ರಾಯ್ ಏಕಫ್ ‘ದಿ ಗ್ರೇಟ್ ಸ್ಪೆಕಲ್ಡ್ ಬರ್ಡ್’ ಎಂಬ ಭಕ್ತಿಗೀತೆಯಾಗಿ ಹಾಡಿದರು. 1952ರಲ್ಲಿ ಹ್ಯಾಂಕ್ ಥಾಂಪ್ಸನ್ ಅದೇ ಮಟ್ಟಿನಲ್ಲಿ, ತನ್ನನ್ನು ಬಿಟ್ಟು ಬಾರಿನ ಬೆಳಕಿಗೆ ಹೋದ ಹೆಣ್ಣನ್ನು ದೂರುವ ಹಾಡು ಹಾಡಿದರು. ಅದೇ ವರ್ಷ ಕಿಟ್ಟಿ ವೆಲ್ಸ್ ಅದೇ ಮಟ್ಟನ್ನೇ ಎತ್ತಿಕೊಂಡು ತಿರುಗಿ ಉತ್ತರ ಕೊಟ್ಟರು: ದಾರಿ ತಪ್ಪಿದ ಹೆಣ್ಣುಗಳನ್ನು ದೇವರು ಮಾಡಲಿಲ್ಲ, ಮದುವೆಯಾಗಿಯೂ ಒಂಟಿಯೆಂದು ಹೇಳಿಕೊಳ್ಳುವ ಗಂಡಸರು ಮಾಡಿದರು ಎಂದು. ಕಂಟ್ರಿ ಪಟ್ಟಿಯಲ್ಲಿ ಒಬ್ಬಳೇ ಮಹಿಳೆ ಹಾಡಿ ಮೊದಲ ಸ್ಥಾನ ಪಡೆದ ಮೊತ್ತಮೊದಲ ಹಾಡು ಅದು. ಹೊಸ ರಾಗವನ್ನೇ ಸ್ವಂತಿಕೆಯ ಅಳತೆಗೋಲು ಮಾಡಿಕೊಂಡರೆ ಈ ಹಾಡಿಗೆ ಸೊನ್ನೆ ಅಂಕ ಬೀಳುತ್ತದೆ. ಆದರೆ ಆ ಕಾಲದಲ್ಲಿ ಅದಕ್ಕಿಂತ ಹೊಸ ಮಾತನ್ನು ಆಡಿದ ಹಾಡು ನನಗಂತೂ ಗೊತ್ತಿಲ್ಲ. ಮಟ್ಟು ಹಳೆಯದಾಗಿದ್ದುದರಿಂದಲೇ ಆ ಮಾತಿಗೆ ಮೊನೆ ಬಂತು. ಕೇಳುಗರಿಗೆ ಯಾರ ಮಾತಿಗೆ ಯಾರು ಉತ್ತರಿಸುತ್ತಿದ್ದಾರೆ ಎಂದು ಮೊದಲ ಸಾಲಿನಲ್ಲೇ ತಿಳಿಯಿತು.

ಕರ್ನಾಟಕ ಸಂಗೀತದ ಕಛೇರಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಸಲ ಹಾಡಿದ ಕೃತಿಯನ್ನೇ ಮತ್ತೆ ಹಾಡಿದರೆಂದು ಅಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ. ಆ ಕೃತಿಯ ಜೊತೆ ಇವತ್ತು ಇವರು ಏನು ಮಾಡಿದರು, ನೆರವಲ್ ಎಲ್ಲಿ ಎತ್ತಿದರು, ಪಿಟೀಲಿನವರು ಅದಕ್ಕೆ ಏನು ಮರುನುಡಿದರು ಎಂದು ಕೇಳುತ್ತಾರೆ. ಅದನ್ನು ಮನೋಧರ್ಮ ಎನ್ನುತ್ತೇವೆ. ಕಂಟ್ರಿ ಸಂಗೀತದಲ್ಲಿ ಅಷ್ಟು ವಿಸ್ತಾರವಾದ ಕಲ್ಪನೆಗೆ ಜಾಗವಿಲ್ಲ, ಮೂರು ನಿಮಿಷದಲ್ಲಿ ಹಾಡು ಮುಗಿಯಬೇಕು. ಆದರೆ ಆ ಮೂರು ನಿಮಿಷದೊಳಗೂ ಒಬ್ಬೊಬ್ಬ ವಾದಕನ ಕೈ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ನಾವು ಈಗ ಕಳೆದುಕೊಳ್ಳುತ್ತಿರುವುದು ಆ ಕೈಯನ್ನು.

1950 ಮತ್ತು 60ರ ದಶಕಗಳಲ್ಲಿ ನ್ಯಾಶ್‌ವಿಲ್‌ನ ಸ್ಟುಡಿಯೊಗಳಲ್ಲಿ ಹತ್ತು ಹದಿನೈದು ವಾದಕರ ಒಂದು ಬಳಗವಿತ್ತು. ‘ಎ ಟೀಮ್’ ಎಂದೇ ಅವರನ್ನು ಕರೆಯುತ್ತಿದ್ದರು. ಗಿಟಾರಿಗೆ ಗ್ರೇಡಿ ಮಾರ್ಟಿನ್ ಮತ್ತು ಹ್ಯಾಂಕ್ ಗಾರ್ಲೆಂಡ್, ಪಿಯಾನೊಗೆ ಫ್ಲಾಯ್ಡ್ ಕ್ರೇಮರ್, ಬಾಸ್‌ಗೆ ಬಾಬ್ ಮೂರ್, ಡ್ರಮ್ಸ್‌ಗೆ ಬಡ್ಡಿ ಹಾರ್ಮನ್. ಬರೆದ ಸ್ವರಪ್ರಸ್ತಾರ ಅವರ ಮುಂದಿರುತ್ತಿರಲಿಲ್ಲ. ಹಾಡನ್ನು ಒಂದೆರಡು ಸಲ ಕೇಳಿ ಸ್ವರಮೇಳಗಳನ್ನು ಅಂಕಿಗಳಲ್ಲಿ ಗೀಚಿಕೊಳ್ಳುತ್ತಿದ್ದರು: ಆಧಾರ ಸ್ವರಕ್ಕೆ 1, ಮಧ್ಯಮಕ್ಕೆ 4, ಪಂಚಮಕ್ಕೆ 5. ಜಾರ್ಡನೇರ್ಸ್ ಎಂಬ ಗಾಯಕವೃಂದದ ನೀಲ್ ಮ್ಯಾಥ್ಯೂಸ್ ರೂಪಿಸಿ, ಚಾರ್ಲಿ ಮೆಕಾಯ್ ವಾದಕರ ನಡುವೆ ಹರಡಿದ ಈ ಪದ್ಧತಿಗೆ ನ್ಯಾಶ್‌ವಿಲ್ ಅಂಕಿ ಪದ್ಧತಿ ಎಂದೇ ಹೆಸರು. ಗಾಯಕಿಯ ಗಂಟಲು ಇವತ್ತು ಕಟ್ಟಿದೆಯೇ? ಶ್ರುತಿಯನ್ನು ಇಳಿಸಿದರಾಯಿತು, ಅಂಕಿ ಬದಲಾಗುವುದಿಲ್ಲ. ಸ-ರಿ-ಗ-ಮ ಕಲಿತ ನಮಗೆ ಇದು ತೀರ ಆತ್ಮೀಯವಾದ ಯೋಚನೆ. ಹಾಳೆಯಲ್ಲಿ ಇಷ್ಟೇ ಇರುವುದರಿಂದ ಉಳಿದದ್ದೆಲ್ಲವನ್ನೂ ವಾದಕನೇ ತುಂಬಬೇಕು. ಎಲ್ಲಿ ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು, ಗಾಯಕಿ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಯಾವ ಪಲುಕು ಇಡಬೇಕು ಎನ್ನುವುದು ಆ ಕ್ಷಣದ ತೀರ್ಮಾನ.

ಅಂಥ ಕೋಣೆಯಲ್ಲಿ ಆಕಸ್ಮಿಕಕ್ಕೂ ಜಾಗವಿರುತ್ತಿತ್ತು. 1960ರಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡನ್ನು ಮುದ್ರಿಸುವಾಗ ಮಿಶ್ರಣ ಯಂತ್ರದ ಒಂದು ಭಾಗ ಕೆಟ್ಟು ಗ್ರೇಡಿ ಮಾರ್ಟಿನ್ ಅವರ ಆರು ತಂತಿಯ ಬಾಸ್ ಗಿಟಾರು ಗೊರಗೊರನೆ ಗುರುಗುಟ್ಟಿತು. ಮೃದುವಾದ ಪ್ರೇಮಗೀತೆಯ ನಡುವೆ ಆ ಸದ್ದು! ಅದನ್ನು ಅಳಿಸದೆ ಉಳಿಸಿಕೊಂಡರು. ಮರುವರ್ಷ ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಬೇಕಾದಾಗ ಹುಟ್ಟಿಸಬಲ್ಲ ಪುಟ್ಟ ಪೆಟ್ಟಿಗೆಯೊಂದನ್ನು ರೂಪಿಸಿದರು. ಮುಂದೆ ರಾಕ್ ಸಂಗೀತವನ್ನೆಲ್ಲ ಆವರಿಸಿದ ‘ಫಝ್’ ಗಿಟಾರಿನ ಸದ್ದಿಗೆ ಹೀಗೊಂದು ಕಂಟ್ರಿ ಹಾಡಿನ ಕೆಟ್ಟ ಯಂತ್ರ ಕಾರಣ. ಕೆಟ್ಟದ್ದನ್ನು ಕೇಳಿ ‘ಇರಲಿ ಬಿಡಿ’ ಎಂದ ಆ ಮಂದಿಯ ಕಿವಿಯನ್ನು ನಾನು ಸ್ವಂತಿಕೆ ಎನ್ನುತ್ತೇನೆ.

ಪೆಡಲ್ ಸ್ಟೀಲ್ ಗಿಟಾರಿನ ಕಥೆಯೂ ಇಂಥದೇ. ಮೇಜಿನಂತೆ ಮಲಗಿಸಿದ ಈ ವಾದ್ಯಕ್ಕೆ ಸಾಮಾನ್ಯವಾಗಿ ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ಗುಂಡು, ಬಲಗೈ ಬೆರಳುಗಳಿಗೆ ನಖಿ, ಕಾಲಿನ ಕೆಳಗೆ ಪೆಡಲ್‌ಗಳು, ಮೊಣಕಾಲಿನ ಪಕ್ಕ ಸನ್ನೆಕೋಲುಗಳು. ಮೂರು ತಂತಿ ಒಟ್ಟಿಗೆ ಮೀಟಿ ಅವುಗಳಲ್ಲಿ ಒಂದರ ಸ್ವರವನ್ನು ಮಾತ್ರ ಕಾಲಿನಿಂದ ಒತ್ತಿ ಮೇಲಕ್ಕೆ ಜಾರಿಸಬಹುದು. ಉಳಿದೆರಡು ಇದ್ದಲ್ಲೇ ಇರುತ್ತವೆ. ವೆಬ್ ಪಿಯರ್ಸ್ ಅವರ 1954ರ ‘ಸ್ಲೋಲಿ’ ಹಾಡಿನಲ್ಲಿ ಬಡ್ ಐಸಾಕ್ಸ್ ಹೀಗೆ ಜಾರಿಸಿದ್ದನ್ನು ಕೇಳಿ ಉಳಿದ ಸ್ಟೀಲ್ ವಾದಕರು ತಮ್ಮ ವಾದ್ಯಗಳಿಗೂ ಪೆಡಲ್ ಕಟ್ಟಿಕೊಳ್ಳಲು ಹೊರಟರು. ಮೂಲದಲ್ಲಿ ಇದು ಹವಾಯಿ ದ್ವೀಪಗಳ ವಾದ್ಯ. ಅದರದೇ ಇನ್ನೊಂದು ಕವಲು ಭಾರತಕ್ಕೆ ಬಂದು ಮೀಂಡಿಗೆ ಹೇಳಿ ಮಾಡಿಸಿದ ವಾದ್ಯವಾಯಿತು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಹವಾಯಿ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗ ನುಡಿಸುವುದನ್ನು ಕೇಳಿದವರಿಗೆ ಆ ಜಾರುವಿಕೆಯ ಸೊಗಸು ಗೊತ್ತು.

ಇಷ್ಟು ಹೇಳಿದ ಮೇಲೆ ಹಳೆಯದೆಲ್ಲ ಚಿನ್ನ ಎಂದು ಬಿಟ್ಟರೆ ಅದು ಪ್ರಾಮಾಣಿಕವಲ್ಲ. ಅದೇ ಹತ್ತು ಹದಿನೈದು ಮಂದಿ ಸಾವಿರಾರು ಹಾಡುಗಳಿಗೆ ನುಡಿಸಿದ್ದರಿಂದ ಆಗಲೂ ಎಲ್ಲವೂ ಒಂದೇ ತರಹ ಕೇಳಿಸುತ್ತದೆಂಬ ದೂರಿತ್ತು. ಪಿಟೀಲು, ಬ್ಯಾಂಜೊ ಸರಿಸಿ ತಂತಿವಾದ್ಯಗಳ ಮೇಳ, ಹಿಂದೆ ಗುನುಗುವ ಗಾಯಕವೃಂದ ತಂದ ‘ನ್ಯಾಶ್‌ವಿಲ್ ಸೌಂಡ್’ ಎಂದರೇನು ಎಂದು ಕೇಳಿದಾಗ ನಿರ್ಮಾಪಕ ಚೆಟ್ ಅಟ್ಕಿನ್ಸ್ ಜೇಬಿನ ಚಿಲ್ಲರೆಯನ್ನು ಕುಲುಕಿ, ದುಡ್ಡಿನ ಸದ್ದೇ ಅದು ಎಂಬಂತೆ ತೋರಿಸಿದರೆಂಬ ಪ್ರಸಿದ್ಧ ಕಥೆಯಿದೆ. ತನ್ನದೇ ವಾದ್ಯವೃಂದವನ್ನು ಸ್ಟುಡಿಯೊಗೆ ಕರೆದೊಯ್ಯುವ ಹಕ್ಕಿಗಾಗಿ ಗಾಯಕ ವೇಲನ್ ಜೆನಿಂಗ್ಸ್ 1970ರ ದಶಕದ ಆರಂಭದಲ್ಲಿ ಕಂಪನಿಯೊಂದಿಗೆ ಜಗಳವಾಡಬೇಕಾಯಿತು. ವಿಲ್ಲಿ ನೆಲ್ಸನ್ 1975ರಲ್ಲಿ ಟೆಕ್ಸಾಸ್‌ನಲ್ಲಿ ಕುಳಿತು ಮುದ್ರಿಸಿದ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಎಷ್ಟು ಬರಿದಾಗಿತ್ತೆಂದರೆ, ಇದು ಕರಡು ಪ್ರತಿಯಷ್ಟೇ ಇರಬೇಕೆಂದು ಕಂಪನಿಯವರು ಭಾವಿಸಿದರು. ನ್ಯಾಶ್‌ವಿಲ್‌ನ ಸಂಗೀತ ಕಂಪನಿಗಳಿರುವ ಮ್ಯೂಸಿಕ್ ರೋ ಎಂಬ ಬೀದಿಯಲ್ಲಿ ಕಂಟ್ರಿ ಸಂಗೀತದ ಕೊಲೆಯಾಯಿತು ಎಂದು ಶೋಕಿಸುವ 1999ರ ಹಾಡನ್ನು ಮರುವರ್ಷ ಜಾರ್ಜ್ ಸ್ಟ್ರೇಟ್, ಅಲನ್ ಜಾಕ್ಸನ್ ಹಾಡಿದಾಗ ಆ ಬೀದಿಯ ಉದ್ಯಮವೇ ಅದಕ್ಕೆ ಪ್ರಶಸ್ತಿ ಕೊಟ್ಟಿತು.

ಹಾಗಾದರೆ ಇಂದಿನ ದೂರು ಹಳೆಯ ದೂರಿನ ಇನ್ನೊಂದು ಆವೃತ್ತಿಯೇ? ಅಲ್ಲ. ಅಂದಿನ ಏಕರೂಪತೆ ಒಂದೇ ಬಳಗದ ಮನುಷ್ಯರು ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದ್ದರಿಂದ ಬಂದದ್ದು. ಇಂದಿನದು ಅವರು ಒಟ್ಟಿಗೆ ಕೂರುವ ಮೊದಲೇ ಹಾಡು ಮುಗಿದುಹೋಗುವುದರಿಂದ ಬರುವಂಥದು.

ಈಗ ಮ್ಯೂಸಿಕ್ ರೋನಲ್ಲಿ ಹಾಡು ಹುಟ್ಟುವ ಬಗೆ ಸಾಮಾನ್ಯವಾಗಿ ಹೀಗೆ. ಬೆಳಿಗ್ಗೆ ಮೂರು ನಾಲ್ಕು ಜನ ಒಂದು ಕೋಣೆಯಲ್ಲಿ ಸೇರುತ್ತಾರೆ. ಒಬ್ಬರು ಮಾತಿನಲ್ಲಿ ಗಟ್ಟಿ, ಒಬ್ಬರು ಧಾಟಿಯಲ್ಲಿ ಗಟ್ಟಿ, ಮತ್ತೊಬ್ಬರು ಲ್ಯಾಪ್‌ಟಾಪ್ ಹಿಡಿದು ಕೂತ ‘ಟ್ರ್ಯಾಕ್’ ಕಟ್ಟುವವರು. ಎಷ್ಟೋ ಸಲ ತಾಳ ಮತ್ತು ಸ್ವರಮೇಳದ ಸುತ್ತು ಮೊದಲೇ ಸಿದ್ಧವಿರುತ್ತದೆ, ಪದಗಳು ಅದರ ಮೇಲೆ ಕೂರಬೇಕು. ಸಂಜೆಗೆ ಎದ್ದು ಹೋಗುವಾಗ ಕೈಯಲ್ಲಿರುವುದು ಕರಡಲ್ಲ, ರೇಡಿಯೊದಲ್ಲಿ ಬರಬಹುದಾದಷ್ಟು ನಯವಾದ ಮುದ್ರಿಕೆ. ಆಮೇಲೆ ಕರೆಸಿದ ವಾದಕರಿಗೆ ಉಳಿಯುವ ಕೆಲಸ, ಇದ್ದ ಚಿತ್ರಕ್ಕೆ ಬಣ್ಣ ತುಂಬುವುದು. ಸುತ್ತು ಬದಲಾಗುವುದಿಲ್ಲವಾದ್ದರಿಂದ ಚರಣಕ್ಕೂ ಪಲ್ಲವಿಗೂ ಸ್ವರಮೇಳ ಒಂದೇ. ವ್ಯತ್ಯಾಸ ತೋರಿಸಲು ಇರುವ ಉಪಾಯವೆಂದರೆ ಸದ್ದನ್ನು ಏರಿಸುವುದು. ಆರು ಹಾಡು ಒಂದರ ಮೇಲೊಂದು ಕೂತದ್ದರ ಗುಟ್ಟು ಇದೇ.

ಲ್ಯಾಪ್‌ಟಾಪ್ ಹಿಡಿದವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಎಪ್ಪತ್ತಕ್ಕೂ ಹೆಚ್ಚು ಅಗ್ರಸ್ಥಾನದ ಹಾಡುಗಳಲ್ಲಿ ಪಾಲಿರುವ ಆ್ಯಶ್ಲಿ ಗೋರ್ಲಿಯಂಥ ಗೀತಕಾರನ ಕಸುಬುದಾರಿಕೆ ಅಸಾಧಾರಣವಾದದ್ದು. ಆದರೆ ಆ ಕಸುಬನ್ನು ಒಂದೇ ಗುರಿಗೆ ಕಟ್ಟಿಹಾಕಿದ್ದು ಹಣದ ಲೆಕ್ಕ. 1996ರ ದೂರಸಂಪರ್ಕ ಕಾಯ್ದೆಗೆ ಮೊದಲು ಅಮೆರಿಕದಲ್ಲಿ ಒಂದು ಕಂಪನಿ ದೇಶದಾದ್ಯಂತ ಹೊಂದಬಹುದಾದ ರೇಡಿಯೊ ಕೇಂದ್ರಗಳ ಸಂಖ್ಯೆಗೆ 40ರ ಮಿತಿಯಿತ್ತು. ಕಾಯ್ದೆ ಆ ಮಿತಿಯನ್ನೇ ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಯಲ್ಲಿ ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಊರಿನ ಕೇಂದ್ರದಲ್ಲಿ ಕೂತು ತನಗಿಷ್ಟವಾದ ಹಾಡನ್ನು ಹಾಕುವ ನಿರೂಪಕನ ಅಧಿಕಾರ ಹೋಯಿತು. ಕೇಳುಗ ಬಟನ್ ತಿರುಗಿಸದಂತೆ ನೋಡಿಕೊಳ್ಳುವುದೇ ಮುಖ್ಯವಾದಾಗ ಹೊಸತೆಲ್ಲ ಅಪಾಯವಾಗಿ ಕಾಣುತ್ತದೆ. 2015ರಲ್ಲಿ ಕೀತ್ ಹಿಲ್ ಎಂಬ ರೇಡಿಯೊ ಸಲಹೆಗಾರ, ಕಂಟ್ರಿ ರೇಡಿಯೊಗೆ ಕೇಳುಗರು ಹೆಚ್ಚಬೇಕಾದರೆ ಗಾಯಕಿಯರ ಹಾಡು ಕಡಿಮೆ ಮಾಡಿ, ಅವರು ಸಲಾಡಿನೊಳಗಿನ ಟೊಮೆಟೊ ಇದ್ದಂತೆ ಎಂಬರ್ಥದ ಮಾತಾಡಿ ಕೋಲಾಹಲ ಎಬ್ಬಿಸಿದರು. ಕಿಟ್ಟಿ ವೆಲ್ಸ್ ಉತ್ತರ ಹಾಡಿ ಅರವತ್ತಮೂರು ವರ್ಷಗಳಾಗಿದ್ದವು.

ಇನ್ನೊಂದು ಕಡೆ ಸ್ಟ್ರೀಮಿಂಗ್. ಆಲ್ಬಂ ಮಾರಾಟವಾಗುತ್ತಿದ್ದ ಕಾಲದಲ್ಲಿ ಹಿಟ್ ಹಾಡಿನ ಜೊತೆಗೆ ಒಳಗಿದ್ದ ಒಂಬತ್ತನೆಯ ಹಾಡಿನ ಗೀತಕಾರರಿಗೂ ಪ್ರತಿಗೆ ಇಷ್ಟೆಂದು ಅಷ್ಟೇ ಹಣ ಬರುತ್ತಿತ್ತು. ಆ ಒಂಬತ್ತನೆಯ ಹಾಡು ವಿಚಿತ್ರವಾಗಿರಬಹುದಿತ್ತು, ನಿಧಾನವಾಗಿರಬಹುದಿತ್ತು, ತಾಯಿಯ ಸಾವಿನ ಬಗ್ಗೆ ಇರಬಹುದಿತ್ತು. ಈಗ ಕೇಳಿದ ಹಾಡಿಗೆ ಮಾತ್ರ ಕಾಸು. ಹೆಸರಾಂತ ಗಾಯಕರ ಆಲ್ಬಂಗಳು ಉದ್ದವಾಗಿವೆ (ಮಾರ್ಗನ್ ವಾಲೆನ್ ಅವರ 2023ರ ಆಲ್ಬಂನಲ್ಲಿ 36 ಹಾಡು, 2025ರದರಲ್ಲಿ 37), ಆದರೆ ಬರೆಯುವವರು ಕಣ್ಣಿಡುವುದು ರೇಡಿಯೊದಲ್ಲಿ ನಿಲ್ಲುವ ಆ ಒಂದೆರಡರ ಮೇಲೆ.

ಸ್ವಂತಿಕೆಯ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಕೇಳಿದ್ದಾರೆಯೇ ಎಂದೂ ನೋಡಬೇಕು. 2018ರ ಕೊನೆಯಲ್ಲಿ ಲಿಲ್ ನ್ಯಾಸ್ ಎಕ್ಸ್ ಎಂಬ ಕಪ್ಪು ಯುವಕ ಅಂತರ್ಜಾಲದಲ್ಲಿ 30 ಡಾಲರಿಗೆ ಕೊಂಡ ತಾಳದ ಮೇಲೆ ‘ಓಲ್ಡ್ ಟೌನ್ ರೋಡ್’ ಹಾಡಿದ. ಇಂದಿನ ಕಂಟ್ರಿಯ ಲಕ್ಷಣಗಳು ಸಾಕಷ್ಟಿಲ್ಲ ಎಂದು ಬಿಲ್‌ಬೋರ್ಡ್ 2019ರಲ್ಲಿ ಅದನ್ನು ಕಂಟ್ರಿ ಪಟ್ಟಿಯಿಂದ ತೆಗೆಯಿತು. ಅದು ಎಲ್ಲ ಬಗೆಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಆ ವೇಳೆಗಾಗಲೇ ಹಿಪ್-ಹಾಪ್‌ನಿಂದ ತಂದ ಡ್ರಮ್ ಮಷಿನ್ ತಾಳ, ಮಾತಾಡಿದಂತೆ ಹಾಡುವ ಶೈಲಿ ಬಿಳಿಯ ಗಾಯಕರ ಕಂಟ್ರಿ ಹಾಡುಗಳಲ್ಲಿ ವರ್ಷಗಳಿಂದ ಮೊಳಗುತ್ತಿದ್ದವು. ಅವಕ್ಕೆ ಲಕ್ಷಣ ಪರೀಕ್ಷೆ ಇರಲಿಲ್ಲ. ಬ್ಯಾಂಜೊ ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ನೆನಪಿನಿಂದ ಹುಟ್ಟಿದ ವಾದ್ಯ. ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೊ ಕಾರ್ಯಕ್ರಮದ ಆರಂಭದ ತಾರೆಗಳಲ್ಲಿ ಒಬ್ಬರಾದ ಡಿಫೋರ್ಡ್ ಬೇಲಿ ಕಪ್ಪುವರ್ಣೀಯ ಹಾರ್ಮೋನಿಕಾ ವಾದಕ. 1941ರಲ್ಲಿ ಅವರನ್ನು ಅಲ್ಲಿಂದ ಕೈಬಿಡಲಾಯಿತು.

2023ರಲ್ಲಿ ಲ್ಯೂಕ್ ಕೋಂಬ್ಸ್ ಟ್ರೇಸಿ ಚಾಪ್‌ಮನ್ ಅವರ 1988ರ ‘ಫಾಸ್ಟ್ ಕಾರ್’ ಹಾಡನ್ನು ಪುನಃ ಹಾಡಿದರು. ಕಥೆ ಹೇಳುವವಳು ಹೆಣ್ಣು ಎಂಬುದನ್ನೂ ಬದಲಿಸಲಿಲ್ಲ. ಆ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಹಾಡು ಪ್ರಶಸ್ತಿ ಗೀತಕಾರ್ತಿ ಚಾಪ್‌ಮನ್‌ಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಅವರು. ದುಡಿದರೂ ಬಡತನದಿಂದ ಪಾರಾಗದ, ಕುಡುಕ ತಂದೆಯನ್ನು ನೋಡಿಕೊಳ್ಳುವ ಹುಡುಗಿಯ ಆ ಹಾಡು ಹುಟ್ಟಿದ ದಿನದಿಂದಲೂ ಕಂಟ್ರಿ ಹಾಡೇ ಆಗಿತ್ತೆಂದು ನನಗನಿಸುತ್ತದೆ. ಮರುವರ್ಷ ಬಿಯಾನ್ಸೆ ‘ಕೌಬಾಯ್ ಕಾರ್ಟರ್’ ತಂದರು. ಅದರ ಮೊದಲ ಗೆದ್ದ ಹಾಡಿಗೆ ಬ್ಯಾಂಜೊ ನುಡಿಸಿದವರು, ಆ ವಾದ್ಯದ ಕಪ್ಪು ಇತಿಹಾಸವನ್ನು ಬದುಕಿನ ಕೆಲಸವಾಗಿಸಿಕೊಂಡ ರಿಯಾನನ್ ಗಿಡೆನ್ಸ್. ಕಂಟ್ರಿ ಅಸೋಸಿಯೇಷನ್ ಆ ಆಲ್ಬಂಗೆ ಒಂದು ನಾಮನಿರ್ದೇಶನವನ್ನೂ ಕೊಡಲಿಲ್ಲ. 2025ರ ಫೆಬ್ರವರಿಯಲ್ಲಿ ಗ್ರ್ಯಾಮಿಯವರು ವರ್ಷದ ಆಲ್ಬಂ, ಅತ್ಯುತ್ತಮ ಕಂಟ್ರಿ ಆಲ್ಬಂ ಎರಡೂ ಪ್ರಶಸ್ತಿ ಕೊಟ್ಟರು.

ಕೈಯ ಸಂಗೀತ ಸತ್ತಿಲ್ಲ. ಕ್ರಿಸ್ ಸ್ಟೇಪಲ್‌ಟನ್ 2015ರಲ್ಲಿ ತಂದ ‘ಟ್ರಾವೆಲರ್’ ಆಲ್ಬಂ ಮುದ್ರಣವಾದದ್ದು, ಅದಕ್ಕೆ ಸ್ವಲ್ಪವೇ ಮೊದಲು ಕೆಡವಲು ಹೊರಟಿದ್ದ ಆರ್‌ಸಿಎ ಸ್ಟುಡಿಯೊ ಎ ಕಟ್ಟಡದಲ್ಲಿ, ವಾದಕರು ಒಟ್ಟಿಗೆ ಕೂತು. ಅಲ್ಲಿ ಕೊಠಡಿಯ ಗಾಳಿಯೇ ಕೇಳಿಸುತ್ತದೆ. ತಂತಿವಾದ್ಯಗಳೇ ಮುಖ್ಯವಾದ ಬ್ಲೂಗ್ರಾಸ್ ಎಂಬ ಕವಲಿನಲ್ಲಿ ಬಿಲ್ಲಿ ಸ್ಟ್ರಿಂಗ್ಸ್, ಮಾಲಿ ಟಟಲ್ ಅವರಂಥವರ ಗಿಟಾರು ಕೇಳಲು ಯುವಜನ ಕಿಕ್ಕಿರಿಯುತ್ತಾರೆ. ಪೆಡಲ್ ಸ್ಟೀಲ್‌ನಲ್ಲಿ ಪಾಲ್ ಫ್ರ್ಯಾಂಕ್ಲಿನ್ ಇಂದಿಗೂ ಒಂದೇ ಸ್ವರವನ್ನು ಜಾರಿಸಿ ಹಾಡಿಗೆ ಅಳು ತರಿಸಬಲ್ಲರು. ನ್ಯಾಶ್‌ವಿಲ್‌ನ ಲೋವರ್ ಬ್ರಾಡ್‌ವೇ ಬಾರುಗಳಲ್ಲಿ ನಾಲ್ಕು ಗಂಟೆಯ ಪಾಳಿಯಲ್ಲಿ ನಿಂತು, ಬಹುಪಾಲು ಕೇಳುಗರ ಟಿಪ್ಸ್ ನೆಚ್ಚಿಕೊಂಡು ನುಡಿಸುವವರಲ್ಲಿ ಎಷ್ಟೋ ಮಂದಿ ಯಾವ ಸ್ಟುಡಿಯೊಗೂ ಕಡಿಮೆಯಿಲ್ಲದವರು.

ಆ ಬೀದಿಯ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಎಂಬ ಬಾರಿನಲ್ಲೇ ಟೆನೆಸ್ಸಿ ರಾಜ್ಯಪಾಲ ಬಿಲ್ ಲೀ 2024ರ ಮಾರ್ಚ್‌ನಲ್ಲಿ ಎಲ್ವಿಸ್ ಕಾಯ್ದೆಗೆ ಸಹಿ ಹಾಕಿದರು. ಅನುಮತಿಯಿಲ್ಲದೆ ಒಬ್ಬರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ನಕಲು ಮಾಡುವುದನ್ನು ಅದು ತಡೆಯುತ್ತದೆ. ಅನುಮತಿ ಎಂಬ ಮಾತು ಇಲ್ಲಿ ಮುಖ್ಯ. ಅದೇ ವರ್ಷದ ಮೇ ತಿಂಗಳಲ್ಲಿ, 2013ರ ಪಾರ್ಶ್ವವಾಯುವಿನಿಂದ ಹಾಡುವ ಶಕ್ತಿ ಕಳೆದುಕೊಂಡಿದ್ದ ರ‍್ಯಾಂಡಿ ಟ್ರಾವಿಸ್ ಅವರ ಹೊಸ ಹಾಡು ಬಂತು. ಜೇಮ್ಸ್ ಡುಪ್ರೆ ಎಂಬ ಗಾಯಕ ಹಾಡಿದ್ದಕ್ಕೆ, ಟ್ರಾವಿಸ್ ಅವರ ಹಳೆಯ ಮುದ್ರಿಕೆಗಳಿಂದ ಕಲಿತ ಯಂತ್ರ ಅವರ ದನಿಯನ್ನು ತೊಡಿಸಿತು. ಟ್ರಾವಿಸ್ ಅವರೊಂದಿಗೆ ದಶಕಗಳ ಕಾಲ ದುಡಿದ ನಿರ್ಮಾಪಕ ಕೈಲ್ ಲೆಹ್ನಿಂಗ್ ಕೂತು ಅದನ್ನು ತಿದ್ದಿದರು. ಅಲ್ಲಿ ಯಂತ್ರದ ಎರಡೂ ಬದಿಯಲ್ಲಿ ಮನುಷ್ಯರಿದ್ದರು, ದನಿಯ ಒಡೆಯ ಒಪ್ಪಿದ್ದ. ಆ ಹಾಡನ್ನು ಬ್ರೇಕಿಂಗ್ ರಸ್ಟ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಕಾಯ್ದೆ ಗಾಯಕರ ದನಿಯನ್ನು ಕಾಯುತ್ತದೆ. ಹೆಸರಿಲ್ಲದ ವಾದಕನ ದಿನಗೂಲಿಯನ್ನು ಕಾಯುವುದಿಲ್ಲ. ನ್ಯಾಶ್‌ವಿಲ್‌ನಲ್ಲಿ ಕೈ ಪಳಗುತ್ತಿದ್ದುದು ದೊಡ್ಡ ಮುದ್ರಣಗಳಲ್ಲಿ ಅಲ್ಲ, ಡೆಮೊಗಳಲ್ಲಿ. ಗೀತಕಾರರ ಹೊಸ ಹಾಡನ್ನು ಗಾಯಕರಿಗೆ ಕೇಳಿಸಲು ಪ್ರಕಾಶಕರು ಐದಾರು ವಾದಕರನ್ನು ಮೂರು ಗಂಟೆಯ ಅವಧಿಗೆ ಕರೆಸಿ ನಾಲ್ಕೈದು ಹಾಡು ಮುಗಿಸುತ್ತಿದ್ದರು. ಅಲ್ಲಿ ತಪ್ಪಬಹುದಿತ್ತು, ಹೊಸದನ್ನು ಪ್ರಯತ್ನಿಸಬಹುದಿತ್ತು. ಟ್ರಿಷಾ ಇಯರ್‌ವುಡ್ ಮತ್ತು ಗಾರ್ತ್ ಬ್ರೂಕ್ಸ್ ಹೆಸರು ಮಾಡುವ ಮೊದಲು ಪರಿಚಯವಾದದ್ದು ಅಂಥ ಒಂದು ಡೆಮೊ ಹಾಡುವಾಗ. ಈಗ ಗೀತಕಾರರು ಫೋನಿನಲ್ಲಿ ಗಿಟಾರು ಹಿಡಿದು ಹಾಡಿಕೊಂಡದ್ದನ್ನು ಸುನೋದಂಥ, ಹಾಡು ಕಟ್ಟುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟರೆ ನಿಮಿಷಗಳಲ್ಲಿ ಪೂರ್ತಿ ವಾದ್ಯವೃಂದದ ಡೆಮೊ ಸಿದ್ಧ. ಅದರಲ್ಲಿ ಪೆಡಲ್ ಸ್ಟೀಲ್ ಕೂಡ ಕೇಳಿಸುತ್ತದೆ, ಜಾರಬೇಕಾದಲ್ಲಿ ಜಾರುತ್ತದೆ. ಹತ್ತು ತಂತಿಯ ಮುಂದೆ ಕೂತು, ಎರಡು ಕಾಲು, ಎರಡು ಮೊಣಕಾಲು, ಎರಡು ಕೈ ಒಟ್ಟಿಗೆ ಪಳಗಿಸಿಕೊಳ್ಳುತ್ತಿರುವ ಇಪ್ಪತ್ತರ ಹುಡುಗಿಗೆ ಮಾತ್ರ ಬೆಳಿಗ್ಗೆ ಹತ್ತು ಗಂಟೆಗೆ ಡೆಮೊ ನುಡಿಸಲು ಬಾ ಎನ್ನುವ ಕರೆ ಬರುವುದಿಲ್ಲ.